ತುತ್ತು ಇಳಿಯದ ಅಕ್ಕೋರು

ಹಿಂದಿ ಅಕ್ಕೋರು ಊಟ ಮಾಡುವುದನ್ನು ನಮ್ಮ ಹೈಸ್ಕೂಲಿನಲ್ಲಿ ಯಾರೂ ನೋಡಿರಲಿಲ್ಲ. ಮಧ್ಯಾಹ್ನದ ಗಂಟೆಯಾದ ಕೂಡಲೇ ನಾವೆಲ್ಲ ಸ್ಟಾಫ್ ರೂಮಿನ ಉದ್ದ ಮೇಜಿನ ಸುತ್ತ ಕುಳಿತು ಡಬ್ಬಿ ಬಿಚ್ಚುತ್ತಿದ್ದೆವು. ಅವರು ಮಾತ್ರ ಬಿಸಿನೀರಿನ ಫ್ಲಾಸ್ಕ್ ಹಿಡಿದು ಲೈಬ್ರರಿ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರು. ಯಾರಾದರೂ ಸಿಹಿ ಹಂಚಿದರೆ ತಮ್ಮ ಪಾಲನ್ನು ಕಾಗದದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡು, "ಆಮ್ಯಾಲೆ ತಿಂತೀನ್ರಿ" ಎನ್ನುತ್ತಿದ್ದರು. ಆಮೇಲೆ ತಿಂದದ್ದನ್ನೂ ಯಾರೂ ಕಂಡಿಲ್ಲ.

ಅವರು ತೀರಿಕೊಂಡ ಸುದ್ದಿ ನನಗೆ ಸಿದ್ದಾಪುರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿತು. ಮಂಚಿಕೇರಿಯಲ್ಲಿ ನಮ್ಮ ಜೊತೆಗಿದ್ದ ಡ್ರಾಯಿಂಗ್ ಮಾಸ್ತರ್ರು ಸಿಕ್ಕಿ, ಅದೂ ಇದೂ ಮಾತಾಡಿ, ಬಸ್ಸು ಹತ್ತುವಾಗ ತಿರುಗಿ, "ಹಿಂದಿ ಅಕ್ಕೋರು ಹೋದ್ರಲ್ಲ, ಗೊತ್ತಾಯ್ತಾ?" ಎಂದರು. ರಜೆಗೆಂದು ಬನವಾಸಿ ಹತ್ತಿರದ ತಮ್ಮನ ಮನೆಗೆ ಹೋದವರಿಗೆ ಹೃದಯಾಘಾತವಾಗಿತ್ತಂತೆ. ಕಾರ್ಯಗಳೆಲ್ಲ ಮುಗಿದುಹೋಗಿದ್ದವು. ಬಸ್ಸು ಹೊರಟಿತು. ಈ ಸುದ್ದಿಯನ್ನು ಯಾರಿಗೆ ಹೇಳಲಿ ಎಂದು ಯೋಚಿಸಿದರೆ ಒಬ್ಬರೂ ನೆನಪಾಗಲಿಲ್ಲ. ಅವರನ್ನು ಬಲ್ಲವರು ಬಹಳ ಜನ. ಅವರಿಗೆ ಏನಾಗಿತ್ತು ಎಂದು ಬಲ್ಲವಳು ನಾನೊಬ್ಬಳೇ, ಅಂದುಕೊಂಡಿದ್ದೆ.

ಎತ್ತರದ ಆಳು. ಕಪ್ಪು ಮೈಬಣ್ಣ, ಗಂಜಿ ಹಾಕಿದ ಕಾಟನ್ ಸೀರೆ, ಕತ್ತಿನ ಕೆಳಗೆ ಎದ್ದು ಕಾಣುವ ಎಲುಬು. ಧ್ವನಿ ಮಾತ್ರ ಆ ಮೈಗೆ ಹೊಂದದ ಹಾಗೆ ತುಂಬಿಕೊಂಡಿತ್ತು. ಎಂಟನೇ ತರಗತಿಗೆ ಹಿಂದಿಯ ಲಿಂಗ ಕಲಿಸುವಾಗ ಅವರು ಹೇಳುತ್ತಿದ್ದದ್ದು ಪಕ್ಕದ ಕ್ಲಾಸಿನಲ್ಲಿ ಗಣಿತ ಮಾಡುತ್ತಿದ್ದ ನನಗೂ ಕೇಳುತ್ತಿತ್ತು. "ಕುರ್ಚಿ ಹೆಣ್ಣು, ಕೋಣಿ ಗಂಡು. ಯಾಕ ಅಂತ ಕೇಳಬ್ಯಾಡ್ರಿ, ನನಗೂ ಗೊತ್ತಿಲ್ಲ. ಒಪ್ಪಿಕೊಂಡು ಮುಂದ ಹೋಗೂದು." ಮಕ್ಕಳು ನಗುತ್ತಿದ್ದರು. ಒಪ್ಪಿಕೊಂಡು ಮುಂದೆ ಹೋಗುವುದು ಅವರ ಮಾತಿನಲ್ಲಿ ಪದೇ ಪದೇ ಬರುತ್ತಿತ್ತು. ಬಸ್ಸು ತಪ್ಪಿದಾಗ, ಸಂಬಳ ತಡವಾದಾಗ, ಚುನಾವಣೆ ಡ್ಯೂಟಿ ಬಂದಾಗ, ಎಲ್ಲದಕ್ಕೂ ಅದೇ.

ಸ್ಟಾಫ್ ರೂಮಿನಲ್ಲಿ ಅವರ ಬಗ್ಗೆ ತಲೆಗೊಂದು ಮಾತು. ನಮ್ಮ ಕೈಯ ಅಡುಗೆ ಅವರಿಗೆ ಆಗುವುದಿಲ್ಲ ಎಂದು ಒಬ್ಬರು, ಏನೋ ಹರಕೆ ಹೊತ್ತಿದ್ದಾರೆ ಎಂದು ಇನ್ನೊಬ್ಬರು. ಸೊಕ್ಕು ಎಂಬುದು ಹೆಚ್ಚಿನವರ ಅಭಿಪ್ರಾಯ. ನಮ್ಮ ಕಡೆ ಒಬ್ಬರ ಮನೆಗೆ ಹೋಗಿ ಊಟ ಬೇಡ ಎಂದರೆ ಅದು ಸಣ್ಣ ಮಾತಲ್ಲ. ಗೃಹಪ್ರವೇಶಕ್ಕೆ ಹೋಗಿ ಕುಂಕುಮ ಹಚ್ಚಿಸಿಕೊಂಡು ಊಟಕ್ಕೆ ನಿಲ್ಲದೆ ಬರುವ ಅಕ್ಕೋರನ್ನು ಜನ ಮೆಲ್ಲಗೆ ಕರೆಯುವುದನ್ನೇ ಬಿಟ್ಟರು.

ನಾನು ಆ ಶಾಲೆಗೆ ಹೊಸದಾಗಿ ಸೇರಿದಾಗ ಬಾಡಿಗೆ ಮನೆ ಸಿಗಲಿಲ್ಲ. "ಹಿಂದಿ ಅಕ್ಕೋರ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ, ಕೇಳಿ ನೋಡಿ" ಎಂದು ಹೆಡ್ ಮಾಸ್ತರ್ರು ಹೇಳಿದರು. ಕೇಳಿದೆ. ಅವರು, "ಬರ್ರಿ ಟೀಚರ್. ಆದರ ನಾ ಅಡಿಗಿಮನ್ಯಾಗ ಇದ್ದಾಗ ಒಳಗ ಬರಬ್ಯಾಡ್ರಿ" ಎಂದರು. ವಿಚಿತ್ರ ಷರತ್ತು. ಬೇರೆ ದಾರಿಯಿರಲಿಲ್ಲ, ಹೋದೆ.

ಷರತ್ತು ಮುರಿದದ್ದು ಬೇಕೆಂದಲ್ಲ. ಒಂದು ಸಂಜೆ ಗ್ಯಾಸಿನವನು ಬಂದು ಕೂಗಿದ. ಅಕ್ಕೋರನ್ನು ಕರೆಯಲು ನಾನು ಅಡುಗೆಮನೆಯ ಬಾಗಿಲು ತಳ್ಳಿದೆ. ಅವರು ಒಲೆಯ ಕಟ್ಟೆಯ ಪಕ್ಕ ನಿಂತಿದ್ದರು. ತಟ್ಟೆಯಲ್ಲಿ ಮಜ್ಜಿಗೆಯನ್ನ. ಎರಡೂ ಕೈಗಳನ್ನು ಅಟ್ಟದ ಮೇಲಿನ ಪಾತ್ರೆ ಇಳಿಸುವವರಂತೆ ಮೇಲಕ್ಕೆತ್ತಿ, ಕುತ್ತಿಗೆ ಚಾಚಿ, ಉಸಿರು ಹಿಡಿದು, ಹಿಮ್ಮಡಿ ಎತ್ತಿ ಎತ್ತಿ ಕುಕ್ಕುತ್ತಿದ್ದರು. ಕಣ್ಣಲ್ಲಿ ನೀರು. ನಾನು ಗಾಬರಿಯಾಗಿ ಅವರ ಬೆನ್ನು ತಟ್ಟಲು ಹೋದೆ. ಬೇಡವೆಂದು ಕೈಸನ್ನೆ ಮಾಡಿದರು. ಒಂದು ಲೋಟ ನೀರು ಕುಡಿದು, ಮತ್ತೆ ಕೈಯೆತ್ತಿ, ಕಣ್ಣು ಮುಚ್ಚಿದರು. ಎದೆಯೊಳಗೆ ಗುಳುಗುಳು ಎಂದ ಸದ್ದು ನನಗೂ ಕೇಳಿತು.

"ಹೆದರಬ್ಯಾಡ್ರಿ ಟೀಚರ್. ತುತ್ತು ಎದಿಯೊಳಗ ನಿಂತಿತ್ತು. ಈಗ ಇಳೀತು."

ಆಮೇಲೆ ಮುಚ್ಚಿಡುವುದಕ್ಕೆ ಏನೂ ಉಳಿಯಲಿಲ್ಲ. ಅನ್ನವೂ ನಿಲ್ಲುತ್ತಿತ್ತು, ಕೆಲವು ದಿನ ನೀರೂ ನಿಲ್ಲುತ್ತಿತ್ತು. ಉಂಡದ್ದು ತಾಸಿನ ಮೇಲೆ ಹಾಗೇ ಬಾಯಿಗೆ ಬರುತ್ತಿತ್ತು. "ಹುಳಿ ಇರಂಗಿಲ್ರಿ. ಹೊಟ್ಟಿಗೆ ಹೋಗಿದ್ರ ತಾನ ಹುಳಿ ಆಗೂದು" ಎಂದು ನಗುತ್ತಿದ್ದರು. ಮಲಗಿದರೆ ಕೆಮ್ಮು. ಅದಕ್ಕೇ ಗೋಡೆಗೆ ದಿಂಬು ಒರಗಿಸಿಕೊಂಡು ಕುಳಿತೇ ನಿದ್ದೆ ಮಾಡುತ್ತಿದ್ದರು. ಎಲ್ಲೋ ತೋರಿಸಿದಾಗ ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟಿದ್ದರು. ಇನ್ನೊಬ್ಬರು ಗಂಟಲೊಳಗೆ ದುರ್ಬೀನು ಇಳಿಸಿ ನೋಡಿ, ಗಾಯವಿಲ್ಲ, ಗಡ್ಡೆಯಿಲ್ಲ, ಎಲ್ಲ ಮನಸ್ಸಿನದು, ಚಿಂತೆ ಬಿಡಿ ಎಂದಿದ್ದರು. ಚಿಂತೆ ಬಿಡಲು ಅವರು ಪ್ರಯತ್ನವನ್ನೂ ಮಾಡಿದ್ದರು.

ಅಡುಗೆ ಮಾತ್ರ ಬಹಳ ಚೆನ್ನಾಗಿ ಮಾಡುತ್ತಿದ್ದರು. ಭಾನುವಾರ ರೊಟ್ಟಿ ಬಡಿದು, ಎಣ್ಣೆಗಾಯಿ ಮಾಡಿ, ನನಗೆ ಬಡಿಸಿ ಎದುರಿಗೆ ಕೂರುವರು. ನನಗೆ ಮುಜುಗರವಾಗುತ್ತಿತ್ತು. "ನಾಚಬ್ಯಾಡ್ರಿ, ತಿನ್ರಿ. ಕಟಕ್ ಅಂತ ರೊಟ್ಟಿ ಮುರಿಯೂದು ನೋಡಾಕ ಚಂದ" ಎನ್ನುವರು. ನಾನು ನುಂಗುವಾಗ ಅವರ ಕಣ್ಣು ನನ್ನ ಗಂಟಲ ಮೇಲಿರುತ್ತಿತ್ತು.

ನನ್ನ ಅಮ್ಮ ಒಮ್ಮೆ ಬಂದವಳು ಎರಡು ದಿನ ಇದ್ದಳು. ತಾನು ತಂದ ಸಿಹಿ ತೊಡೆದೇವನ್ನು ಅಕ್ಕೋರು ಬಾಯಿಗೆ ಹಾಕಲಿಲ್ಲವೆಂದು ಬೇಸರಿಸಬಹುದು ಎಂದುಕೊಂಡಿದ್ದೆ. ಹೊರಡುವಾಗ ನನ್ನನ್ನು ಬದಿಗೆ ಕರೆದು ಹೇಳಿದಳು, "ಕೂಸೇ, ಅದು ಸೊಕ್ಕಲ್ಲ. ಅವಕ್ಕೆ ಎಂತದೋ ತ್ರಾಸಿದ್ದು. ಎಂಜಲು ನುಂಗಲೂ ಕುತ್ತಿಗೆ ಎತ್ತತ್ತ, ಆನು ನೋಡಿದ್ದಿ. ದೊಡ್ಡ ಡಾಕ್ಟರಿಗೆ ತೋರ್ಸು."

"ಹೇಳಿದ್ದಿ ಆಯಿ. ಕೇಳ್ತ್ವಿಲ್ಲೆ."

ಕೇಳುವ ಹಾಗಾದದ್ದು ಬೇರೆ ಕಾರಣದಿಂದ. ಒಂದು ಬೆಳಿಗ್ಗೆ ಪ್ರಾರ್ಥನೆಯ ಸಾಲಿನಲ್ಲಿ ನಿಂತಿದ್ದವರು ಸೆರಗು ಬಾಯಿಗೊತ್ತಿಕೊಂಡು ನೀರಿನ ಟಾಕಿಯ ಹಿಂದೆ ಓಡಿದರು. ಕಾರಿಕೊಂಡದ್ದು ಮಕ್ಕಳಿಗೆಲ್ಲ ಕೇಳಿತು. ಆ ವಾರದಲ್ಲಿ ಅದು ಎರಡನೆಯ ಸಲ. ಗಂಡನ ಮನೆ ಬಿಟ್ಟು ಬಂದು ಒಬ್ಬರೇ ಇರುವ ಹೆಂಗಸು ಬೆಳಿಗ್ಗೆ ಬೆಳಿಗ್ಗೆ ವಾಂತಿ ಮಾಡಿದರೆ ಊರು ಏನು ಮಾತಾಡಬೇಕೋ ಅದನ್ನೇ ಮಾತಾಡಿತು. ಹೆಡ್ ಮಾಸ್ತರ್ರು ನನ್ನನ್ನು ಕೋಣೆಗೆ ಕರೆಸಿ, ಕಣ್ಣು ತಪ್ಪಿಸಿ, "ನೀವು ಅವರ ಜೊತೆಗಿರೋರು. ಅಂಥದ್ದೇನಾದ್ರೂ ಇದ್ದರೆ ಈಗಲೇ ಹೇಳಿಬಿಡಿ. ಶಾಲೆಯ ಪ್ರಶ್ನೆ" ಎಂದರು. ಅಕ್ಕೋರು ಹಾಜರಿ ಹಾಕಲು ಬಂದು ಬಾಗಿಲಲ್ಲಿ ನಿಂತಿದ್ದರು. ಸಹಿ ಮಾಡಿ, ಪೆನ್ನಿಗೆ ಮುಚ್ಚಳ ಹಾಕಿ, ಕ್ಲಾಸಿಗೆ ಹೋದರು. ಆ ದಿನವೂ ಅವರ ಪಾಠ ಪಕ್ಕದ ಕ್ಲಾಸಿಗೆ ಕೇಳಿಸುವಷ್ಟು ಗಟ್ಟಿಯಾಗಿಯೇ ಇತ್ತು.

ಸಂಜೆ ಮನೆಯಲ್ಲಿ ಅವರೇ ಮಾತು ತೆಗೆದರು. ಮದುವೆಯಾಗಿ ಹಾನಗಲ್ಲ ಕಡೆ ಹೋದವರು ವರ್ಷ ತುಂಬುವ ಮೊದಲೇ ತಿರುಗಿ ಬಂದಿದ್ದರು. ಉಂಡದ್ದನ್ನು ಹಿತ್ತಲಿಗೆ ಹೋಗಿ ಕಾರುವ ಸೊಸೆ ಆ ಮನೆಯವರಿಗೆ ಬೇಡವಾಗಿತ್ತು. ರೋಗ ಮುಚ್ಚಿಟ್ಟು ಮದುವೆ ಮಾಡಿದ್ದೀರಿ ಎಂದು ಪಂಚಾಯ್ತಿ ಕೂಡಿಸಿದರು. ಅಲ್ಲಿ ಇವರ ಅಪ್ಪ ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು ಅಂಗೈಯಲ್ಲಿಟ್ಟುಕೊಂಡು, ಹಿರಿಯರ ಮುಂದೆ, ನನ್ನ ಮಗಳಿಗೆ ಯಾವ ರೋಗವೂ ಇಲ್ಲ ಎಂದರಂತೆ. ಪಂಚಾಯ್ತಿ ಅಲ್ಲಿಗೇ ಮುಗಿಯಿತು. ಗಂಡನ ಮನೆಯವರೇ ತಪ್ಪಿತಸ್ಥರೆಂದಾಯಿತು. ಅಕ್ಕೋರು ತವರಿಗೆ ಬಂದು, ಬಿಎಡ್ ಮುಗಿಸಿ, ನೌಕರಿ ಹಿಡಿದರು.

"ಈಗ ಡಾಕ್ಟರ್ ಕಡೆ ಹೋಗಿ, ಅವ್ರು ಇದು ರೋಗ ಅಂದ್ರ ಏನ್ ಮಾಡ್ಲಿ ಟೀಚರ್? ಅಪ್ಪ ಇನ್ನೂ ಅದಾನ. ಲಿಂಗ ಹಿಡದು ಸುಳ್ಳಾಡಿದಂಗ ಆಗ್ತೈತಿ. ಅಂವಗ ನನ್ನ ಮ್ಯಾಲೆ ಅಷ್ಟು ನಂಬಿಕಿ."

ನಾನು ಆಗ ಚಿಕ್ಕವಳು. ಸಿಟ್ಟು ಬಂತು. "ನಿಮ್ಮಪ್ಪನಿಗೆ ಹೇಳೋದು ಬೇಡ. ನಿಮಗೆ ಗೊತ್ತಾಗಲಿ, ಸಾಕು. ಊರವರು ಹೇಳೋ ರೋಗಕ್ಕಿಂತ ಡಾಕ್ಟರು ಹೇಳೋದು ಮೇಲು" ಎಂದೆ.  ಶನಿವಾರ ಶಾಲೆ ಬಿಟ್ಟ ಮೇಲೆ ಅವರು ಸೀರೆ ಬದಲಿಸಿ, "ನಡೀರಿ" ಎಂದರು.

ಶಿರಸಿಯಲ್ಲಿ ಒಬ್ಬ ವಯಸ್ಸಾದ ಡಾಕ್ಟರು ಅವರ ಮಾತನ್ನು ಪೂರ್ತಿ ಕೇಳಿದರು. ಅಷ್ಟು ವರ್ಷಗಳಲ್ಲಿ ಪೂರ್ತಿ ಕೇಳಿದವರು ಅವರೇ ಮೊದಲಿಗರಂತೆ. ಸುಣ್ಣದ ನೀರಿನಂಥ ಬಿಳಿ ಔಷಧಿ ಕುಡಿಸಿ ಎಕ್ಸ್‌ರೇ ತೆಗೆಸಿದರು. ಚಿತ್ರದಲ್ಲಿ ಅನ್ನನಾಳ ಮೇಲೆಲ್ಲ ಚೀಲದಂತೆ ಉಬ್ಬಿ, ಕೆಳಗೆ ಹೊಟ್ಟೆ ಸೇರುವಲ್ಲಿ ಹಕ್ಕಿಯ ಕೊಕ್ಕಿನಂತೆ ಚೂಪಾಗಿತ್ತು. ಡಾಕ್ಟರು ಆ ಕೊಕ್ಕಿನ ಮೇಲೆ ಬೆರಳಿಟ್ಟು, "ಇದು ಮನಸ್ಸಿನದಲ್ಲಮ್ಮಾ. ಇಲ್ಲಿರುವ ಸ್ನಾಯು ಬಿಚ್ಚಿಕೊಳ್ಳುವುದನ್ನೇ ಮರೆತಿದೆ. ಹುಬ್ಬಳ್ಳಿಗೆ ಹೋಗಿ" ಎಂದರು. ಅಕ್ಕೋರು ಆ ಚಿತ್ರವನ್ನು ಕೈಯಲ್ಲಿ ಹಿಡಿದುಕೊಂಡೇ ಬಸ್ಸಿನಲ್ಲಿ ಕುಳಿತರು. ಅಳಲಿಲ್ಲ. ಮಂಚಿಕೇರಿ ಬರುವ ತನಕ ಕಿಟಕಿಯ ಬೆಳಕಿಗೆ ಅದನ್ನು ಎತ್ತೆತ್ತಿ ನೋಡುತ್ತಿದ್ದರು.

ಹುಬ್ಬಳ್ಳಿಯ ದೊಡ್ಡಾಸ್ಪತ್ರೆಯ ಸರ್ಜನ್ ಮಾತಿನಲ್ಲಿ ಏನನ್ನೂ ಮುಚ್ಚಿಡಲಿಲ್ಲ. "ನೋಡ್ರಿ, ಅನ್ನನಾಳದ ತುದಿಗೆ ಕೈಬಳಿಯಂಗ ಒಂದು ಸ್ನಾಯು ಇರ್ತದ, ಅದ ಹೊಟ್ಟಿ ಬಾಗಿಲ. ನುಂಗಿದಾಗ ತಾನ ಸಡಲ ಆಗಬೇಕು. ನಿಮ್ಮದು ಆಗೂದಿಲ್ಲ. ಬಲೂನ್ ಹಾಕಿ ಹಿಗ್ಗಸಬಹುದು, ಆದ್ರ ಅದು ಮತ್ತ ಬಿಗೀತದ. ಅದಕ್ಕ ಹೊಟ್ಟಿ ಮ್ಯಾಲೆ ಸಣ್ಣ ತೂತು ಮಾಡಿ, ಒಳಗ ಹೋಗಿ, ಆ ಬಳೀನ ಉದ್ದಕ ಕೊಯ್ದು ಬಿಡ್ತೇವಿ. ಹೊರಗಿನ ಸ್ನಾಯು ಅಷ್ಟ. ಅದರ ಕೆಳಗ ಒಂದು ಪದರ ಇರ್ತದ, ಉಳ್ಳಾಗಡ್ಡಿ ಸಿಪ್ಪಿ ಕೆಳಗಿನ ಪೊರಿ ಇದ್ದಂಗ. ಅದಕ್ಕ ಚಾಕು ತಾಗಬಾರದು."

"ತಾಗಿದ್ರ?" ಅಕ್ಕೋರು ಕೇಳಿದರು.

"ಅಲ್ಲೇ ಕಂಡ್ರ ಹೊಲಿಗಿ ಹಾಕ್ತೇವಿ. ಕಾಣದ ಹೋದ್ರ ಉಂಡದ್ದು, ಕುಡದದ್ದು ಎದಿಯೊಳಗ ಸೋರ್ತದ. ಅದು ಜೀವಕ್ಕ ಅಪಾಯ. ಇನ್ನೊಂದು, ಬಾಗಿಲ ಕೊಯ್ದ ಮ್ಯಾಲೆ ಹೊಟ್ಟಿ ಹುಳಿ ಮ್ಯಾಲೆ ಬರ್ತದ. ಅದಕ್ಕ ಹೊಟ್ಟಿ ಅಂಚನ್ನ ಸ್ವಲ್ಪ ಮಡಚಿ ಅಲ್ಲೇ ಹೊಲೀತೇವಿ. ಆದ್ರೂ ಮಾತ್ರಿ ತಗೋಬೇಕಾಗಬಹುದು, ಆಗಾಗ ದುರ್ಬೀನ್ ಹಾಕಿಸ್ಕೋಬೇಕು. ಮತ್ತ, ರೋಗ ಪೂರಾ ಹೋಗೂದಿಲ್ಲ. ನಿಮ್ಮ ಅನ್ನನಾಳಕ್ಕ ತುತ್ತು ದೂಡೂ ಶಕ್ತಿ ತಿರುಗಿ ಬರೂದಿಲ್ಲ. ಬಾಗಿಲ ತೆರದಿದ್ರ ಅನ್ನ ತನ್ನ ಭಾರಕ್ಕ ತಾನ ಇಳೀತದ. ಅಷ್ಟ ನಾವು ಮಾಡೂದು."

"ಅಷ್ಟು ಸಾಕ್ರಿ" ಎಂದರು ಅಕ್ಕೋರು.

ಸಹಿಗೆ ಮನೆಯವರು ಬೇಕೆಂದರು. ಅವರು ನನ್ನ ಕಡೆ ತೋರಿಸಿ, "ನನ್ನ ತಂಗಿ" ಎಂದರು. ನರ್ಸು ಇಬ್ಬರ ಮುಖ ನೋಡಿದಳು. ಒಬ್ಬರು ಕಪ್ಪು, ಒಬ್ಬರು ಬಿಳಿ, ಮಾತೂ ಬೇರೆ ಬೇರೆ. ಪೆನ್ನು ಕೊಟ್ಟಳು. ಅವತ್ತಿನಿಂದ ಅವರು ನನ್ನನ್ನು ಟೀಚರ್ ಎನ್ನುವುದು ಬಿಟ್ಟು ತಂಗೀ ಎಂದೇ ಕರೆದರು.

ಆಪರೇಷನ್ನಿಗೆ ಮೊದಲು ಕೆಲವು ದಿನ ಬರೀ ನೀರಾಗಿರುವ ಆಹಾರ. ಅರಿವಳಿಕೆ ಕೊಟ್ಟಾಗ ಅನ್ನನಾಳದಲ್ಲಿ ನಿಂತದ್ದು ಶ್ವಾಸಕೋಶಕ್ಕೆ ಹೋಗಬಾರದೆಂದು ನಳಿಗೆ ಹಾಕಿ ತೊಳೆದರು. ಎಂದೋ ಉಂಡ ಅನ್ನ ಬಂತು. ಅದನ್ನು ನೋಡಿದಾಗ ಮಾತ್ರ ಅವರು ಗೋಡೆಯ ಕಡೆ ತಿರುಗಿಕೊಂಡರು. "ಇಷ್ಟು ಹೊಲಸು ಹೊತ್ಕೊಂಡು ತಿರಗತಿದ್ನಲ್ಲ ತಂಗೀ" ಎಂದರು. ನಾನು ಅವರ ಕಾಲಿನ ಮೇಲೆ ಕೈಯಿಟ್ಟು ಕೂತೆ.

ಆಪರೇಷನ್ನಿನ ದಿನ ಹೊರಗಿನ ಬೆಂಚಿನಲ್ಲಿ ನನ್ನ ಸುತ್ತ ಒಬ್ಬೊಬ್ಬ ರೋಗಿಗೆ ಹತ್ತು ಜನರಂತೆ ಕುಳಿತಿದ್ದರು. ಬುತ್ತಿ ಬಿಚ್ಚುತ್ತಿದ್ದರು. ಒಬ್ಬ ಅಜ್ಜಿ, "ನಿಮ್ಮ ಕೂಡ ಗಂಡಸ್ರು ಯಾರೂ ಬಂದಿಲ್ಲೇನವಾ?" ಎಂದು ಕೇಳಿದಳು. ಬರುತ್ತಾರೆ ಎಂದೆ. ಸರ್ಜನ್ ಹೊರಗೆ ಬಂದು ಹೇಳಿದರು, ಸ್ನಾಯು ಚೆನ್ನಾಗಿ ಬಿಚ್ಚಿಕೊಂಡಿದೆ, ಆದರೆ ಕೆಳತುದಿಯಲ್ಲಿ ಒಳಪದರಕ್ಕೆ ಸಣ್ಣ ತೂತು ಬಿತ್ತು. ಅಲ್ಲೇ ಕಂಡದ್ದರಿಂದ ಹೊಲಿದಿದ್ದೇವೆ, ನೀಲಿ ನೀರು ಬಿಟ್ಟು ಪರೀಕ್ಷಿಸಿದ್ದೇವೆ, ಸೋರಲಿಲ್ಲ.

ಮರುದಿನ ಜ್ವರ ಬಂತು. ಎದೆ ನೋವು, ಏದುಸಿರು. ಸರ್ಜನ್ ಸ್ಕ್ಯಾನ್ ಬರೆದು ನನ್ನನ್ನು ಕರೆದರು. "ಹೊಲಿಗಿ ಬಿಟ್ಟಿದ್ರ ಎದಿ ತೆರದು ತೊಳೀಬೇಕಾಗ್ತದ. ಅದು ದೊಡ್ಡ ಆಪರೇಷನ್. ಈಗ ಒಪ್ಪಿಗಿ ಕೊಟ್ಟಿಟ್ರ ವ್ಯಾಳೆ ಉಳೀತದ. ತಂದಿ, ಅಣ್ಣ ತಮ್ಮ ಯಾರರ ಇದ್ರ ಕರೀರಿ."

ನಾನು ಅವರ ಮಂಚದ ಬಳಿ ಹೋಗಿ, "ಅಕ್ಕೋರೆ, ತಮ್ಮನ ನಂಬರ್ ಕೊಡಿ. ನನ್ನಿಂದ ಆಗುವುದಿಲ್ಲ" ಎಂದೆ. ಅವರ ಕೈ ಸುಡುತ್ತಿತ್ತು. ಆ ಕೈಯಿಂದ ನನ್ನ ಮಣಿಕಟ್ಟು ಹಿಡಿದು ತಲೆಯಾಡಿಸಿದರು.

"ಏನಾದ್ರೂ ಆದ್ರೆ ನಾನು ಅವರಿಗೆ ಏನು ಹೇಳಲಿ?"

"ಏನಾದ್ರೂ ಆದ್ರ ಹೇಳು. ಬದಕಿದ್ರ ಹೇಳಬ್ಯಾಡ. ಅಪ್ಪನ ಮಾತು ಉಳೀಲಿ."

ಸಹಿ ಮಾಡಿದೆ. ಸ್ಕ್ಯಾನಿನ ವರದಿ ಬರುವವರೆಗಿನ ಆ ಸಂಜೆಯಷ್ಟು ಒಂಟಿಯಾಗಿ ನಾನು ಮತ್ತೆಂದೂ ಕೂತಿಲ್ಲ. ಹೊಲಿಗೆ ಬಿಟ್ಟಿರಲಿಲ್ಲ. ಜ್ವರ ಶ್ವಾಸಕೋಶದ ಸೋಂಕಿನದು, ಔಷಧಿಗೆ ಇಳಿಯಿತು. ಕೆಲವು ದಿನ ಕಳೆದು ಮತ್ತೆ ಔಷಧಿ ಕುಡಿಸಿ ಎಕ್ಸ್‌ರೇ ಪರದೆಯ ಮುಂದೆ ನಿಲ್ಲಿಸಿದರು. ಬಾಗಿಲ ಸಂದಿಯಿಂದ ನಾನೂ ನೋಡಿದೆ. ನುಂಗಿದ್ದು ಎಲ್ಲಿಯೂ ನಿಲ್ಲದೆ ಸರ್ರನೆ ಕೆಳಗೆ ಹೋಯಿತು. ಹೊರಗೆ ಬಂದ ಅಕ್ಕೋರು ಎದೆಯ ಮೇಲೆ ಕೈಯಿಟ್ಟುಕೊಂಡು, "ಹೋಗಿದ್ದ ಗೊತ್ತಾಗಲಿಲ್ಲ ತಂಗೀ" ಎಂದರು. ಆಗ ಅತ್ತರು.

ಶಾಲೆಗೆ ಮರಳಿದಾಗ ಊರ ಮಾತು ತಣ್ಣಗಾಗಿತ್ತು. ಒಂದು ಮಧ್ಯಾಹ್ನ ಅವರು ಡಬ್ಬಿ ಹಿಡಿದು ಸ್ಟಾಫ್ ರೂಮಿಗೆ ಬಂದು ಮೇಜಿನ ತುದಿಯ ಕುರ್ಚಿಯಲ್ಲಿ ಕುಳಿತರು. ಯಾರೂ ಏನೂ ಕೇಳಲಿಲ್ಲ. ಡ್ರಾಯಿಂಗ್ ಮಾಸ್ತರ್ರು ಉಪ್ಪಿನಕಾಯಿ ಬಾಟಲಿಯನ್ನು ಅವರ ಕಡೆ ದೂಡಿದರು, ಅಷ್ಟೆ. ಅಕ್ಕೋರು ಒಂದೊಂದೇ ತುತ್ತನ್ನು ನುರಿಸಿ, ನೀರು ಗುಟುಕರಿಸಿ, ಅದು ಭಾರಕ್ಕೆ ಇಳಿಯಲೆಂದು ಕಾದು ಉಣ್ಣುತ್ತಿದ್ದರು. ಡಬ್ಬಿ ಅರ್ಧವಾಗುವಷ್ಟರಲ್ಲಿ ಗಂಟೆಯಾಯಿತು. ಉಳಿದವರು ಎದ್ದು ಹೋದರು. ನನಗೂ ಕ್ಲಾಸಿತ್ತು. ಬಾಗಿಲಲ್ಲಿ ತಿರುಗಿ ನೋಡಿದೆ. ಆ ಉದ್ದ ಮೇಜಿನ ತುದಿಯಲ್ಲಿ ಅವರೊಬ್ಬರೇ ನೆಟ್ಟಗೆ ಕುಳಿತು ಅಗಿಯುತ್ತಿದ್ದರು. ಆಮೇಲೆ ಎಲ್ಲ ದಿನವೂ ಹೀಗೇ. ಎಲ್ಲರ ಜೊತೆ ಕುಳಿತು, ಒಬ್ಬರೇ ಮುಗಿಸುವುದು. ಮದುವೆಮನೆಯ ಪಂಕ್ತಿಯಲ್ಲಿ ಕೂರುವ ಧೈರ್ಯ ಅವರಿಗೆ ಬರಲಿಲ್ಲ. ಜನ ಕರೆಯುವುದನ್ನು ಹೇಗೂ ಬಿಟ್ಟಿದ್ದರು.

ನನಗೆ ಮದುವೆಯಾಯಿತು, ಸಿದ್ದಾಪುರಕ್ಕೆ ವರ್ಗವಾಯಿತು. ಮೊದಮೊದಲು ಫೋನಿನಲ್ಲಿ ಮಾತು. "ಇವತ್ತು ಏನುಂಡ್ರಿ?" ಎಂದು ನಾನು, "ಜೋಳದ ಮುದ್ದಿ" ಎಂದು ಅವರು. ಅಪ್ಪ ತೀರಿಕೊಂಡಾಗ ತಾವೇ ತಿಳಿಸಿದರು. ವರ್ಷಗಳು ಕಳೆದಂತೆ ಮಾತು ಹಬ್ಬದ ಮೆಸೇಜಿಗೆ ಇಳಿಯಿತು. ಹುಬ್ಬಳ್ಳಿಗೆ ದುರ್ಬೀನು ಹಾಕಿಸಲು ಒಬ್ಬರೇ ಹೋಗಿ ಬರುತ್ತಿದ್ದರು.

ಸುದ್ದಿ ತಿಳಿದ ವಾರ ನಾನು ಅವರ ತಮ್ಮನ ಮನೆ ಹುಡುಕಿಕೊಂಡು ಹೋದೆ. ತಲೆ ನರೆತ, ಅಕ್ಕನದೇ ಎತ್ತರದ ಮನುಷ್ಯ. ಮಂಚಿಕೇರಿಯಲ್ಲಿ ಜೊತೆಗಿದ್ದವಳು ಎಂದೆ. ನನ್ನ ಹೆಸರು ಕೇಳಿದ್ದ. ಹೆಂಡತಿ ಚಹಾ ತಂದಿಟ್ಟು, ಗಂಡನ ಮುಖ ನೋಡಿ, ತಡೆತಡೆದು ಕೇಳಿದರು.

"ಒಂದು ಮಾತು ಕೇಳ್ತೀನ್ರಿ. ಅಕ್ಕನ ಮೈ ತೊಳಿಯೂಮುಂದ ನೋಡಿದ್ವಿ. ಹೊಟ್ಟಿ ಮ್ಯಾಲೆ ಅಲ್ಲಲ್ಲೆ ಸಣ್ಣ ಸಣ್ಣ ಕಲಿ ಇದ್ವು. ಏನಾಗಿತ್ರಿ ಅವ್ರಿಗೆ?"

ಬದುಕಿದ್ದರೆ ಹೇಳಬೇಡ ಎಂದಿದ್ದರು. ಈಗ ಅವರಿಲ್ಲ, ಅಪ್ಪನೂ ಇಲ್ಲ. ಆದರೆ ಆ ಅಪ್ಪನ ಮಗ ಎದುರಿಗಿದ್ದ. ಚಹಾದ ಲೋಟ ಬದಿಗಿಟ್ಟೆ. ಆಮೇಲೆ ಎಲ್ಲ ಹೇಳಿದೆ. ಕೊಕ್ಕಿನಂಥ ಎಕ್ಸ್‌ರೇ, ಕೊಯ್ದ ಸ್ನಾಯು, ಜ್ವರ, ಪಂಚಾಯ್ತಿಯಲ್ಲಿ ಆಡಿದ ಮಾತು ಉಳಿಯಲೆಂದು ಅವರು ಯಾರಿಗೂ ತಿಳಿಸದಿದ್ದದ್ದು.

 ಅಕ್ಕೋರ ತಮ್ಮ ಹೆಗಲ ಮೇಲಿನ ಟವೆಲ್ ತೆಗೆದು ತೊಡೆಯ ಮೇಲೆ ಮಡಚಿಟ್ಟುಕೊಂಡ.

"ಅಪ್ಪಗ ಗೊತ್ತಿತ್ರಿ" ಎಂದ. "ಮದುವಿಗಿಂತ ಮೊದಲ ಅಕ್ಕ ಹಿತ್ತಲಕ್ಕ ಹೋಗಿ ಕಾರೂದನ್ನ ಅಂವ ನೋಡಿದ್ದ. ಗೊತ್ತಿದ್ದ ಲಿಂಗ ಹಿಡದು ಹಂಗ ಅಂದ. ಪಂಚಾಯ್ತಿ ಮುಗಿಸಿ ಬಂದ ದಿನದಿಂದ ಸಂಜಿ ಊಟ ಬಿಟ್ಟ. ಸಾಯೂತನಕ ಒಪ್ಪತ್ತು. ಅಕ್ಕ ಕೇಳಿದ್ರ ವಯಸ್ಸಾತು, ಜೀರ್ಣ ಆಗಂಗಿಲ್ಲ ಅಂತಿದ್ದ. ನನ್ನ ಮುಂದ ಒಮ್ಮೆ ಅಂದಿದ್ದ, ಆಕಿಗೆ ತುತ್ತು ಇಳಿಯಂಗಿಲ್ಲ, ನನಗ್ಯಾಕ ಎರಡು ಹೊತ್ತು ಅಂತ."

ಅವನ ಹೆಂಡತಿ ಸೆರಗಿನಿಂದ ಕಣ್ಣು ಒತ್ತಿಕೊಂಡರು.

"ಆಪರೇಷನ್ ಆದ ಮ್ಯಾಲೆ ಅಕ್ಕ ಉಣ್ತಿದ್ಲಾ?" ಅವನು ಕೇಳಿದ.

"ನಿಧಾನಕ್ಕೆ. ಆದರೆ ಹೊಟ್ಟೆ ತುಂಬ ಉಣ್ಣುತ್ತಿದ್ದರು."

"ಅಪ್ಪ ಆಗ ಇದ್ದ" ಎಂದ. "ಒಂದು ಮಾತು ಹೇಳಿದ್ರ ಅಂವನೂ ಸಂಜಿಗೆ ಉಣ್ತಿದ್ದ."